ಗಾಡಿಗೆ ತುಂಬಿದ ಉಡಿ

ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ನಿಂಗಕ್ಕನ ಮಾತು ಎರಡು ದಿನದಿಂದ ದೇವಿಕಾಳನ್ನು ಚುಚ್ಚುತ್ತಿತ್ತು.

"ಇನ್ನೊಂದ್ ಸಲ ಗಾಡಿ ನಿಂತ್ರ ನಾ ಬರಂಗಿಲ್ಲ ತಂಗಿ. ನನ್ನೊಬ್ಬಾಕಿ ಸಲುವಾಗಿ ಎಷ್ಟ್ ಮಂದಿ ಒದ್ದಾಡ್ತೀರಿ? ಸಾಕ್ ಬಿಡು."

ಶುಕ್ರವಾರ ಸಂಜೆ ವಡ್ಡು ಎಂಬ ಊರಿನ ತನ್ನ ಮನೆ ಮುಂದೆ ಇಳಿಯುವಾಗ ನಿಂಗಕ್ಕ ಹೀಗಂದಿದ್ದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಪಂಕ್ತಿಯಲ್ಲಿ ಕೂತವರು ಮಜ್ಜಿಗೆ ಸಾಕು ಎಂದು ಕೈ ಅಡ್ಡ ಹಿಡಿದ ಹಾಗೆ ಹೇಳಿ ಒಳಗೆ ಹೋಗಿಬಿಟ್ಟಿದ್ದಳು. ಎರಡೂ ಕಿಡ್ನಿ ಕೈಕೊಟ್ಟ ಹೆಂಗಸು ಬರುವುದಿಲ್ಲ ಎಂದರೆ ಏನರ್ಥ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೆ ಮೂರು ದಿನ ಹೊಸಪೇಟೆಯ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕೈಕೊಟ್ಟು ರಕ್ತ ತೊಳೆಸಿಕೊಂಡರೆ ಬದುಕು. ಒಂದು ಪಾಳಿ ತಪ್ಪಿದರೆ ಕಾಲು ಬಾತುಕೊಳ್ಳುತ್ತದೆ. ಎರಡು ತಪ್ಪಿದರೆ ಮಲಗಿದಲ್ಲಿ ಉಸಿರು ಸಿಗುವುದಿಲ್ಲ. ಮೂರನೆಯದರ ಮಾತನ್ನು ಯಾರೂ ಆಡುವುದಿಲ್ಲ.

ದೇವಿಕಾ ಹೊಸಪೇಟೆಯ ಚಿತ್ತವಾಡ್ಗಿಯವಳು. ವಯಸ್ಸು ಮೂವತ್ತೆಂಟು, ಕಸುಬು ಗಾಡಿ ಹೊಡೆಯುವುದು. ಹುಟ್ಟಿದ್ದು ಕಂಪ್ಲಿ ಕಡೆ. ಅವ್ವ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವಾಗ ಬದುವಿನ ಮೇಲೆ ಆಡಿಕೊಂಡು ಬೆಳೆದವಳು. ಹದಿನೇಳರಲ್ಲಿ ಟ್ರ್ಯಾಕ್ಟರ್ ಕಲಿತಳು. ಕಲಿಸಿದವನು ಅದೇ ಗದ್ದೆಯ ಡ್ರೈವರ್ ಕೊಟ್ರಬಸಪ್ಪ. ಕೂಲಿಯವರ ಹುಡುಗಿಗೆ, ಅದರಲ್ಲೂ ಕೇರಿಯ ಹುಡುಗಿಗೆ, ಸ್ಟೇರಿಂಗ್ ಕೊಟ್ಟೆಯಲ್ಲ ಎಂದು ಜನ ಕೆಣಕಿದಾಗ ಅವನು, ಕ್ಲಚ್ಚಿಗೆ ಕಾಲು ಗೊತ್ತು, ಕುಲ ಗೊತ್ತಿಲ್ಲ ಅಂದಿದ್ದನಂತೆ. ಈಗ ಅವನಿಲ್ಲ. ಗೇರು ಬದಲಿಸುವಾಗೆಲ್ಲ ಅವನ ನೆನಪಾಗುತ್ತದೆ ಎಂದು ದೇವಿಕಾ ಹೇಳುವುದು ಬರೀ ಬಾಯಿಮಾತಲ್ಲ. ಹತ್ತು ವರ್ಷ ಹಂಪಿಗೆ ಬರುವ ಪ್ರವಾಸಿಗರನ್ನು ಸುತ್ತಾಡಿಸಿದಳು. ರೋಗದ ವರ್ಷ ಎಲ್ಲ ಮುಚ್ಚಿದಾಗ ಪ್ರವಾಸಿಗರು ನಿಂತರು, ಆಸ್ಪತ್ರೆಗೆ ಹೋಗಬೇಕಾದವರು ನಿಲ್ಲಲಿಲ್ಲ. ಅವತ್ತು ಶುರುವಾದ ಓಡಾಟ ಇವತ್ತಿಗೂ ನಡೆದಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಡುತ್ತಾಳೆ. ವಡ್ಡುವಿನಲ್ಲಿ ನಿಂಗಕ್ಕ, ಸಂಡೂರಿನಲ್ಲಿ ಭರಮಣ್ಣ. ಇಬ್ಬರನ್ನೂ ಹತ್ತಿಸಿಕೊಂಡು ಘಾಟ್ ಹತ್ತಿ ಇಳಿದು ಒಂಬತ್ತರೊಳಗೆ ಆಸ್ಪತ್ರೆ ಮುಟ್ಟಬೇಕು. ಯಂತ್ರ ನಾಲ್ಕು, ಕಾಯುವವರು ಮೂವತ್ತು ಜನ. ತಡವಾದರೆ ಪಾಳಿ ಮುಂದಿನವರಿಗೆ ಹೋಗುತ್ತದೆ. ಅವರದ್ದೂ ಜೀವವೇ.

ಆ ಘಾಟಿನಲ್ಲಿಯೇ ಗಾಡಿ ಕೈಕೊಡುತ್ತಿತ್ತು. ಏಳು ಸೀಟಿನ ಹಳೆ ಡೀಸೆಲ್ ಗಾಡಿ. ಅದಿರಿನ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹಲ್ಲು ಕಚ್ಚಿ ಏರುವಾಗ ಎಂಜಿನ್ ಬಿಸಿಯೇರುತ್ತಿತ್ತು. ಏರು ಮುಗಿದು ವೇಗ ಇಳಿಸಿದೊಡನೆ ಡ್ಯಾಷ್‌ಬೋರ್ಡಿನಲ್ಲಿ ಆಯಿಲ್ಲಿನ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಶುಕ್ರವಾರ ಅದು ಆರದೆ ಉರಿದುಬಿಟ್ಟಿತು. ಮುಕ್ಕಾಲು ತಾಸು ರಸ್ತೆ ಬದಿ ನಿಂತರು. ನಿಂಗಕ್ಕನ ಪಾಳಿ ಹೋಗಿ, ಮಧ್ಯಾಹ್ನದ ಮೇಲೆ ಸಿಕ್ಕಿದ್ದು ಅರ್ಧ ಹೊತ್ತಿನ ಯಂತ್ರ. ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, ಎಂಜಿನ್ ಕತೆ ಮುಗಿದಿದೆ, ಗುಜರಿಗೆ ಹಾಕಿರಿ ಎಂದ. ಅವನಿಗೇನು, ಅವನಿಗೆ ಘಾಟ್ ಹತ್ತುವುದಿರಲಿಲ್ಲ.

ಮುಗಿದಿಲ್ಲ ಎಂದವನು ಹನುಮಣ್ಣ. ದೇವಿಕಾಳ ಮನೆಯಿಂದ ನಾಲ್ಕು ಮನೆ ಆಚೆ ಅವನ ಮನೆ. ಸಂಡೂರಿನ ಗುಡ್ಡದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಡಂಪರ್‌ಗಳ ಮೆಕ್ಯಾನಿಕ್ ಆಗಿದ್ದವನು. ಗಣಿ ನಿಂತಾಗ ಯಂತ್ರಗಳಿಗೆ ತಾಡಪತ್ರಿ ಹೊದಿಸಿದರು, ಮನುಷ್ಯರನ್ನು ಬಿಸಿಲಲ್ಲೇ ಬಿಟ್ಟರು. ಹನುಮಣ್ಣ ಧರಣಿ ಕೂತ, ಲಾಠಿ ತಿಂದ, ಬರಬೇಕಾದ್ದರಲ್ಲಿ ಅರ್ಧ ಬಂತು, ಸುಮ್ಮನಾದ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ತಲೆ ಮಾತ್ರ ಇನ್ನೂ ಸ್ಪಾನರ್ ಹಿಡಿದೇ ಕೂತಿದೆ.

ಅವನು ಆಯಿಲ್ ಕಡ್ಡಿ ಎಳೆಸಿ, ಬಿಸಿ ಆಯಿಲ್ಲನ್ನು ಕಾಗದದ ಮೇಲೆ ಒಂದು ಹನಿ ಬಿಡಿಸಿ ನೋಡಿದ. ನೀರಿನ ಹಾಗೆ ಹರಡಿತು. ಇದು ಎಂಜಿನ್ನಿನ ರೋಗವಲ್ಲ, ಆಯಿಲ್ ಕುದ್ದು ನೀರಾಗುತ್ತಿದೆ, ತೆಳ್ಳಗಾದ ಆಯಿಲ್ಲಿಗೆ ಕಸುವಿರುವುದಿಲ್ಲ ಎಂದ. ಗಣಿಯ ಡಂಪರ್‌ಗಳಿಗೆ ಬಾಗಿಲಿನಷ್ಟು ದೊಡ್ಡ ಆಯಿಲ್ ಕೂಲರ್ ಇರುತ್ತಿತ್ತಂತೆ. ಈ ಗಾಡಿಗೂ ಹೊರಗಿನಿಂದ ತಂದು ಹಾಕುವ ಸಣ್ಣದು ಸಿಗುತ್ತದೆ, ಹಾಕಿದರೆ ಘಾಟೇನು, ಗೋಡೆಯನ್ನೂ ಹತ್ತುತ್ತದೆ ಎಂದ. ಸಾಮಾನು ಫೋನಿನಲ್ಲೇ ತರಿಸಿದ್ದಾಯಿತು. ಶನಿವಾರ ಸಂಜೆ ಡಬ್ಬಿ ಬಂತು. ಕೈಯಗಲದ ಒಂದು ಜಾಲರಿ, ಅದೇ ಕೂಲರ್. ಎರಡು ಕಪ್ಪು ಪೈಪು. ಆಯಿಲ್ ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ ಒಂದು. ಆಯಿಲ್ಲಿನ ಬಿಸಿ ತೋರಿಸುವ ಸಣ್ಣ ಗಡಿಯಾರದಂಥ ಮೀಟರ್ ಒಂದು.

"ಮಾವ, ನೀವ ಕುಂತು ಮಾಡಿಸ್ಬೇಕು," ಎಂದಳು ದೇವಿಕಾ.

"ಬಾಯಿ ನಂದು, ಕೈ ನಿಂದು. ತಪ್ಪಾದ್ರ ಬೈಗಳನೂ ನಂದ. ಅಳೂದಿದ್ರ ಈಗ ಅತ್ತು ಮುಗಿಸು," ಎಂದ ಹನುಮಣ್ಣ.

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಬೇವಿನ ನೆರಳಿಗೆ ಗಾಡಿ ತಂದು, ಮುಂದಿನ ಗಾಲಿಗಳನ್ನು ಜಾಕಿನಲ್ಲಿ ಎತ್ತಿ, ಕೆಳಗೆ ದಿಮ್ಮಿ ಕೊಟ್ಟರು. ಜಾಕನ್ನು ನಂಬಿ ಗಾಡಿಯ ಕೆಳಗೆ ಹೋದವರು ನಾಲ್ಕು ಜನರ ಹೆಗಲ ಮೇಲೆ ಹೊರಗೆ ಬಂದದ್ದನ್ನು ನೋಡಿದ್ದೇನೆ ಎಂದು ಹನುಮಣ್ಣ ದಿಮ್ಮಿಗಳನ್ನು ತಾನೇ ಒದ್ದು ನೋಡಿದ. ಆಮೇಲೆ ಬಕೆಟ್ ಬೋರಲು ಹಾಕಿಕೊಂಡು ಕೂತ. ದೇವಿಕಾ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕೆಳಗೆ ಸರಿದಳು. ಹಳೆ ಆಯಿಲ್ ಇಳಿಸಿದಳು. ಫಿಲ್ಟರ್ ಜಗ್ಗಲಿಲ್ಲ. ಮರಳು ಕಾಗದ ಸುತ್ತಿ ತಿರುವು ಎಂದು ಮೇಲಿಂದ ಮಾತು ಬಂತು. ಸುತ್ತಿದಳು, ಬಂತು.

ಹೊಸ ಬಿಲ್ಲೆ ಇಡಲು ಹೋದಾಗ ಹನುಮಣ್ಣ ಕೋಲಿನಿಂದ ಅವಳ ಕಾಲಿಗೆ ತಟ್ಟಿದ.

"ಹಳೇ ಫಿಲ್ಟರಿನ ರಬ್ಬರ್ ಬಳಿ ಎಲ್ಲೈತಿ?"

ಫಿಲ್ಟರ್ ತಿರುಗಿಸಿ ನೋಡಿದರೆ ಬಳೆ ಇರಲಿಲ್ಲ. ಎಂಜಿನ್ನಿನ ಮುಖಕ್ಕೇ ಅಂಟಿ ಕೂತಿತ್ತು. ಅದರ ಮೇಲೆಯೇ ಬಿಲ್ಲೆ ಕೂರಿಸಿದ್ದರೆ ಎರಡು ರಬ್ಬರ್ ಒಂದರ ಮೇಲೊಂದು ಜಾರಿ, ಮೊದಲ ಏರಿನಲ್ಲೇ ಆಯಿಲ್ಲೆಲ್ಲ ರಸ್ತೆಗೆ ಚೆಲ್ಲುತ್ತಿತ್ತು. ದೇವಿಕಾ ಉಗುರಿನಿಂದ ಕಿತ್ತು ಹೊರಗೆ ಎಸೆದಳು. ಆ ಮುಖ ಒರೆಸಿ ಬಿಲ್ಲೆ ಕೂರಿಸಿದಳು.

ಅವಳ ಗಂಡ ಯಲ್ಲೇಶ್ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಲಿಲ್ಲ. ಯಾರದೋ ಡ್ರಿಲ್ಲಿಂಗ್ ಮಷೀನ್ ಕೇಳಿ ತಂದು ಕಬ್ಬಿಣದ ಪಟ್ಟಿಗೆ ತೂತು ಹೊಡೆದು, ಬಂಪರಿನ ಕೆಳಗಿನ ತೆರೆದ ಬಾಯಿಯ ಹಿಂದೆ ಕೂಲರ್ ನಿಲ್ಲುವಂತೆ ಕಟ್ಟು ಮಾಡಿಕೊಟ್ಟ. ಹದಿನೈದು ವರ್ಷದಿಂದ ಕುಲುಮೆ ಮುಂದೆ ಬೇಯುತ್ತಿದ್ದೇನೆ, ನನಗೊಂದು ಕೂಲರ್ ತರಿಸಬೇಕೆಂದು ಯಾರಿಗೂ ಅನಿಸಲಿಲ್ಲ ಎಂದು ಗೊಣಗಿದ. ನಿನಗೆ ಹಾಕಲು ಮೊದಲು ಎಂಜಿನ್ ಇರಬೇಕಲ್ಲ ಎಂದು ಹನುಮಣ್ಣ ಕೇಳಿದ್ದಕ್ಕೆ ಮೂವರೂ ನಕ್ಕರು.

ಪೈಪುಗಳ ಕೆಲಸಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಒಳಗೆ ರಬ್ಬರಿನ ಪುಡಿ ಇರಬಾರದೆಂದು ಡೀಸೆಲ್ ಹಾಕಿ ತೊಳೆದು ಗಾಳಿ ಹೊಡೆಸಿದಳು. ಸೈಲೆನ್ಸರಿನಿಂದ ದೂರ ಹಾಯಿಸಿದಳು. ತಗಡಿನ ಅಂಚು ತಾಗುವಲ್ಲಿ ಸೈಕಲ್ ಟ್ಯೂಬು ಸೀಳಿ ಸುತ್ತಿದಳು. ಕೂಲರಿನ ಹೊಟ್ಟೆಗೆ ಮೊದಲೇ ಆಯಿಲ್ ತುಂಬಿಸಿದಳು, ಇಲ್ಲದಿದ್ದರೆ ಎಂಜಿನ್ ಎದ್ದೊಡನೆ ಒಂದು ಗುಟುಕು ಗಾಳಿ ಕುಡಿಯುತ್ತದೆ. ಡೀಸೆಲ್ ಬಿಡುವ ವೈರ್ ಕಳಚಿ, ಎಂಜಿನ್ ಹತ್ತದ ಹಾಗೆ ಬರೀ ಸೆಲ್ಫ್ ಹೊಡೆದು, ಕೆಂಪು ದೀಪ ಆರುವವರೆಗೆ ಆಯಿಲ್ ಮೇಲೇರಿಸಿದರು. ಆಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡಿದರು. ಹನುಮಣ್ಣ ಬಕೆಟ್ ಬಿಟ್ಟು ನೆಲಕ್ಕೇ ಇಳಿದು, ಎಡಗೈ ಊರಿ, ಕೆನ್ನೆ ಮಣ್ಣಿಗೆ ಹಚ್ಚಿ ಪ್ರತಿಯೊಂದು ಜೋಡಣೆಯನ್ನೂ ನೋಡಿದ. ಒಂದು ಹನಿಯೂ ಇರಲಿಲ್ಲ. ಎಂಜಿನ್ ಆರಿಸಿ ಕಡ್ಡಿ ನೋಡಿ, ಕಡಿಮೆಯಾದ ಮುಕ್ಕಾಲು ಲೀಟರ್ ಆಯಿಲ್ ಸೇರಿಸಿದಳು. ಮೀಟರಿನ ನೂರಿಪ್ಪತ್ತರ ಗೆರೆಯ ಮೇಲೆ ಹನುಮಣ್ಣ ಅವಳದೇ ಉಗುರಿನ ಬಣ್ಣದಿಂದ ಕೆಂಪು ಚುಕ್ಕೆ ಇಡಿಸಿ, ಮುಳ್ಳು ಇಲ್ಲಿಗೆ ಬಂದರೆ ದೇವರು ಬಂದು ಹೋಗು ಎಂದರೂ ಹೋಗಬೇಡ ಎಂದ.

ಸಂಜೆ ಅವನನ್ನು ಎಬ್ಬಿಸಿ ನಿಲ್ಲಿಸುವಾಗ ದೇವಿಕಾಳಿಗೆ ಏನಾದರೂ ಹೇಳಬೇಕೆನಿಸಿತು. ನೀವಿಲ್ಲದಿದ್ದರೆ ಎಂದು ಶುರು ಮಾಡಿದಳು.

"ಅದನ್ನೆಲ್ಲ ನಾಳೆ ಒಂಬತ್ತರ ಮ್ಯಾಲ ಹೇಳು," ಎಂದು ಅವನು ಮನೆಗೆ ಹೋದ.

ಸೋಮವಾರ ವಡ್ಡು ಮುಟ್ಟಿದಾಗ ನಿಂಗಕ್ಕ ಬಾಗಿಲಲ್ಲಿ ನಿಂತಿದ್ದಳು. ಐವತ್ತೈದರ ಹೆಂಗಸು. ಗಂಡ ಸತ್ತು ಇಪ್ಪತ್ತು ವರ್ಷ. ಬರಲೋ ಬೇಡವೋ ಎಂಬುದನ್ನು ಗಾಡಿಯ ಮುಖ ನೋಡಿ ತೀರ್ಮಾನಿಸುವವಳಂತೆ, ಏನು ಮಾಡಿಸಿದೆ ಎಂದು ಕೇಳಿದಳು. ದೇವಿಕಾ ಬಾನೆಟ್ ಎತ್ತಿ ತೋರಿಸಿದಳು. ಈ ಪೈಪಿನಿಂದ ಬಿಸಿ ಆಯಿಲ್ ಹೊರಗೆ ಹೋಗುತ್ತದೆ, ಆ ಜಾಲರಿಯಲ್ಲಿ ಆರುತ್ತದೆ, ಈ ಇನ್ನೊಂದರಿಂದ ಒಳಗೆ ಬರುತ್ತದೆ ಎಂದಳು. ನಿಂಗಕ್ಕ ಆ ಎರಡು ಪೈಪನ್ನೂ, ಸೂಜಿ ಚುಚ್ಚಿ ಚುಚ್ಚಿ ಗಂಟು ಬಿದ್ದ ತನ್ನ ತೋಳನ್ನೂ ನೋಡಿದಳು.

"ನನಗ ಮಾಡ್ತಾರಲ್ಲ, ಅದನ್ನ ಇದಕ್ಕ ಮಾಡೀರಿ. ಹಂಗಾದ್ರ ಇದು ನನ್ನ ತಂಗಿ ಆತು."

ಒಳಗೆ ಹೋಗಿ ಚಹಾ ಕುಡಿ ಎಂದಳು. ತನಗೆ ದಿನಕ್ಕೆ ಅಳತೆ ಲೋಟದ ನೀರು, ಬಂದವರಿಗೆ ಮಾತ್ರ ಲೋಟ ತುಂಬ ಚಹಾ, ಅದು ಅವಳ ಪದ್ಧತಿ. ದೇವಿಕಾ ಚಹಾ ಮುಗಿಸಿ ಹೊರಗೆ ಬಂದಾಗ ನಿಂಗಕ್ಕನ ಜೊತೆ ಓಣಿಯ ನಾಲ್ಕು ಹೆಂಗಸರು ಗಾಡಿಯ ಮುಂದೆ ನಿಂತಿದ್ದರು. ಬಂಪರಿಗೆ ಅಡ್ಡಲಾಗಿ ಹಸಿರು ಇಳಕಲ್ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಬಿಗಿದಿದ್ದರು. ನಡುವೆ ಸೆರಗಿನ ಜೋಳಿಗೆ ಬಿಟ್ಟು ಅದರಲ್ಲಿ ಅಕ್ಕಿ, ಒಣಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆಗೆ ಒಂದು ಕುಬಸದ ಬಟ್ಟೆ ಹಾಕಿದ್ದರು. ಗಾಡಿಗೆ ಉಡಿ ತುಂಬಿದ್ದರು. ಮಗಳು ತವರಿನಿಂದ ಹೊರಟಾಗ ತುಂಬುತ್ತಾರಲ್ಲ, ಹಾಗೆ.

ದೇವಿಕಾಳ ಮನೆಯಲ್ಲಿ ಬುದ್ಧನ ಪಟವೊಂದು ಬಿಟ್ಟರೆ ಪೂಜೆ ಪುನಸ್ಕಾರ ಇಲ್ಲ. ಗಾಡಿಗೆ ನಿಂಬೆಕಾಯಿ ಮೆಣಸಿನಕಾಯಿಯನ್ನೂ ಕಟ್ಟಿದವಳಲ್ಲ. ಆದರೆ ಉಡಿ ಪೂಜಾರಿಯ ಕೈಯದಲ್ಲ, ಹೆಂಗಸರ ಕೈಯದು. ಬೇಡ ಎನ್ನಲಿಲ್ಲ. ಹೊತ್ತೂ ಆಗಿತ್ತು. ನಿಂಗಕ್ಕ ಹತ್ತಿ ಕೂತಳು. ಅಷ್ಟೇ ಸಾಕೆನಿಸಿ ಗಾಡಿ ಹೊರಡಿಸಿದಳು.

ಸಂಡೂರಿನಲ್ಲಿ ಭರಮಣ್ಣ ಹತ್ತಿದ. ಗಣಿಯ ತೂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದವನು, ಬಾಯಿ ಮುಚ್ಚಿ ಕೂತವನಲ್ಲ. ಗಾಡಿ ಮದುವಣಗಿತ್ತಿ ಆಗಿದೆಯಲ್ಲ, ವರ ಯಾರು, ಮುಂದೆ ಹೋಗುತ್ತಿರುವ ಲಾರಿಯೋ ಎಂದ. ನಿಂಗಕ್ಕನೂ ನಕ್ಕಳು. ಏರು ಶುರುವಾಯಿತು.

ತೊಂಬತ್ತು. ತೊಂಬತ್ತೈದು. ದೇವಿಕಾಳ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಮೀಟರಿನ ಮೇಲೆ. ಮುಂದೆ ಕೆಂಧೂಳು ಉಗುಳುತ್ತ ಮೂರು ಲಾರಿ. ನೂರೈದು. ನಿಲ್ಲುತ್ತದೆ, ಇಲ್ಲಿ ನಿಲ್ಲುತ್ತದೆ ಎಂದುಕೊಂಡಳು. ನೂರಹನ್ನೆರಡು. ಭರಮಣ್ಣನೂ ಮೀಟರಿನ ಕಡೆ ಬಗ್ಗಿದ. ತಿರುವೊಂದರ ಬಳಿ ಮುಳ್ಳು ಕೆಂಪು ಚುಕ್ಕೆಯನ್ನು ಮುಚ್ಚಿತು. ದೇವಿಕಾ ಬದಿಗೆ ತಂದು ನಿಲ್ಲಿಸಿದಳು. ಗಂಟೆ ಎಂಟಕ್ಕೆ ಹತ್ತು ನಿಮಿಷವಿತ್ತು.

ನಿಂಗಕ್ಕ ತಾನೇ ಬಾಗಿಲು ತೆರೆದು ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಶುಕ್ರವಾರ ಅಂದಿದ್ದೇ ಸಾಕಿತ್ತು. ಭರಮಣ್ಣ ಒಳಗೇ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡ. ದೇವಿಕಾ ಹನುಮಣ್ಣನಿಗೆ ಫೋನ್ ಹಚ್ಚಿದಳು.

ಎಂಜಿನ್ ಆರಿಸಬೇಡ ಎಂದ ಅವನು. ಸೋರುತ್ತಿದೆಯೇ ಎಂದು ಕೇಳಿದ. ಇಲ್ಲ. ಪೈಪು ಮುಟ್ಟಿ ನೋಡು, ಎರಡೂ ಬಿಸಿ ಇವೆಯೇ? ಎರಡೂ ಕೈ ಸುಡುತ್ತಿದ್ದವು. ಅಂದರೆ ಆಯಿಲ್ ಹೋಗಿ ಬರುತ್ತಿದೆ, ನಿನ್ನ ಕೆಲಸ ಸರಿ ಇದೆ ಎಂದ. ಮತ್ತೆ ಕೇಳಿದ.

"ಕೂಲರಿನ ಮುಂದ ಕೈ ಇಡು. ಗಾಳಿ ಬಡೀತತೇನು?"

ದೇವಿಕಾ ಗಾಡಿಯ ಮುಂದಕ್ಕೆ ಬಂದಳು. ಕೈ ಇಡಲು ಜಾಗವೇ ಇರಲಿಲ್ಲ. ನಾಲ್ಕು ಮಡಿಕೆಯ ಇಳಕಲ್ ಸೀರೆ ಬಂಪರಿನ ಬಾಯನ್ನು ಈ ತುದಿಯಿಂದ ಆ ತುದಿಗೆ ಮುಚ್ಚಿ ನಿಂತಿತ್ತು. ನಡುವೆ ಉಡಿ ತೂಗುತ್ತಿತ್ತು.

"ಮಾವ, ಉಡಿ ತುಂಬ್ಯಾರ."

"ಯಾರಿಗೆ?"

"ಗಾಡಿಗೆ."

ಹನುಮಣ್ಣ ಇಪ್ಪತ್ತೆರಡು ವರ್ಷದಲ್ಲಿ ಡಂಪರಿಗೆ ಕಲ್ಲು ಬಡಿದದ್ದು ನೋಡಿದ್ದ, ಕರಡಿ ಅಡ್ಡ ಬಂದದ್ದು ನೋಡಿದ್ದ, ಇದನ್ನು ನೋಡಿರಲಿಲ್ಲ. ತೆಗಿ, ತೊಂಬತ್ತಕ್ಕಿಳಿದ ಮೇಲೆ ಹೊರಡು ಎಂದಷ್ಟೇ ಹೇಳಿ ಫೋನ್ ಇಟ್ಟ.

ತೆಗೆಯುವುದು ಹೇಗೆ? ತುಂಬಿದ ಉಡಿಯನ್ನು ದಾರಿಯಲ್ಲಿ ಬಿಚ್ಚುವುದುಂಟೇ? ತುಂಬಿದವಳು ಎದುರಿಗೇ ಕಲ್ಲಿನ ಮೇಲೆ ಕೂತಿದ್ದಾಳೆ. ದೇವಿಕಾ ಸೀರೆಯ ಗಂಟು ಹಿಡಿದು ಹಾಗೇ ನಿಂತಳು. ಫೋನಿನ ಮಾತನ್ನೆಲ್ಲ ನಿಂಗಕ್ಕ ಕೇಳಿಸಿಕೊಂಡಿದ್ದಳು. ಎದ್ದು ಬಂದಳು.

"ಸರಿ ಆಚೀಗೆ. ಉಸಿರು ಕಟ್ಟೂದಂದ್ರ ಏನಂತ ನನಗ ಗೊತ್ತೈತಿ."

ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಸೀರೆ ಸಡಿಲಾದೊಡನೆ ಕಣಿವೆಯ ಗಾಳಿ ಜಾಲರಿಗೆ ನುಗ್ಗಿತು. ಭರಮಣ್ಣ ಒಳಗಿನಿಂದಲೇ ಮೀಟರ್ ಓದತೊಡಗಿದ, ತೂಕದ ಕಟ್ಟೆಯಲ್ಲಿ ಲಾರಿಗಳ ಭಾರ ಕೂಗುತ್ತಿದ್ದ ದನಿಯಲ್ಲಿ. ನೂರಹದಿನೆಂಟು. ನೂರಹದಿನೈದು.

ಅಕ್ಕಿ ಕೊಬ್ಬರಿಯನ್ನು ಸೆರಗಿನಲ್ಲಿ ಹಿಡಿದು ನಿಂಗಕ್ಕ ನಿಂತಿದ್ದಳು. ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ಗಾಡಿಗೇಕೆ ತುಂಬಿದೆ ಎಂದು ದೇವಿಕಾ ಕೇಳಿದಳು, ತಪ್ಪು ಹಿಡಿಯಲು ಅಲ್ಲ.

"ನಿನಗ ತುಂಬಬೇಕಂತ ಭಾಳ ದಿನದಿಂದ ಇತ್ತು. ಗಂಡ ಸತ್ತಾಕಿ ಮುತ್ತೈದಿಗೆ ಉಡಿ ತುಂಬಬಾರ್ದು. ಗಾಡಿಗೆ ಆ ಲೆಕ್ಕ ಇಲ್ಲಲ್ಲ, ಅದಕ್ಕ ತುಂಬಿದೆ. ಸೀರಿ ನಂದ. ಅವ್ರು ಹೋದ ಮ್ಯಾಲ ಟ್ರಂಕಿನಾಗ ಇತ್ತು."

ಲಾರಿಗಳು ಒಂದರ ಹಿಂದೊಂದು ಏರುತ್ತಿದ್ದವು. ದೇವಿಕಾಳ ಚೂಡಿದಾರದ ಮೇಲೆ ಆಯಿಲ್ಲಿನ ಕಲೆ ಇತ್ತು, ವೇಲಿನ ಮೇಲೆ ಕೆಂಧೂಳಿತ್ತು. ವೇಲಿನ ಎರಡು ತುದಿ ಹಿಡಿದು ಮುಂದೆ ಒಡ್ಡಿದಳು.

"ನನಗ ತುಂಬಕ್ಕ. ನಮ್ಮನ್ಯಾಗೂ ಆ ಲೆಕ್ಕ ಇಲ್ಲ."

ನಿಂಗಕ್ಕ ಅತ್ತಿತ್ತ ನೋಡಿದಳು. ನೋಡುವವರೆಂದರೆ ಲಾರಿಯ ಕ್ಲೀನರ್‌ಗಳು ಮತ್ತು ಭರಮಣ್ಣ. ಐದು ಹಿಡಿ ಅಕ್ಕಿ ಹಾಕಿದಳು. ಕೊಬ್ಬರಿ ಹಾಕಿದಳು, ಅರಿಶಿನ, ಎಲೆ ಅಡಿಕೆ, ಕುಬಸ ಹಾಕಿದಳು. ಬಾತ ಬೆರಳುಗಳಿಂದ ವೇಲಿನ ತುದಿಗಳನ್ನು ಸೇರಿಸಿ ದೇವಿಕಾಳ ಸೊಂಟಕ್ಕೆ ಸಿಕ್ಕಿಸಿದಳು. ದೇವಿಕಾ ಅವಳ ಕಾಲು ಮುಟ್ಟಲು ಬಗ್ಗಿದಾಗ ನಿಂಗಕ್ಕ, ಅಕ್ಕಿ ಚೆಲ್ಲುತ್ತದೆ, ಸುಮ್ಮನಿರು ಎಂದು ಗದರಿಸಿದಳು.

"ತೊಂಬತ್ತು," ಎಂದು ಕೂಗಿದ ಭರಮಣ್ಣ.

ಉಳಿದ ಏರಿನಲ್ಲಿ ಮುಳ್ಳು ತೊಂಬತ್ತೆಂಟು ದಾಟಲಿಲ್ಲ. ಉಡಿ ಮಡಿಲಲ್ಲೇ ಇಟ್ಟುಕೊಂಡು ಗಾಡಿ ಹೊಡೆದಳು. ಕ್ಲಚ್ ಒತ್ತಿದಾಗೆಲ್ಲ ಅಕ್ಕಿ ಸರಬರ ಎನ್ನುತ್ತಿತ್ತು. ಆಸ್ಪತ್ರೆ ಮುಟ್ಟಿದಾಗ ಒಂಬತ್ತಕ್ಕೆ ಏಳು ನಿಮಿಷವಿತ್ತು. ಒಳಗೆ ನಿಂಗಕ್ಕನ ಹೆಸರು ಕೂಗಿದರು, ಅವಳು ಓ ಎಂದಳು. ಹೊರಗೆ ದೇವಿಕಾ ಎಂಜಿನ್ ಆರಿಸದೆ ಎರಡು ನಿಮಿಷ ಕೆಂಪು ದೀಪವನ್ನೇ ನೋಡುತ್ತ ಕೂತಳು. ಅದು ಕಣ್ಣು ಬಿಡಲಿಲ್ಲ.

ಇಬ್ಬರ ಪಾಳಿಯೂ ಮುಗಿಯಲು ಇನ್ನೂ ನಾಲ್ಕು ತಾಸು. ದೇವಿಕಾ ಚಿತ್ತವಾಡ್ಗಿಗೆ ಬಂದು ಸೀದಾ ಹನುಮಣ್ಣನ ಮನೆಗೆ ಹೋದಳು. ಒಂಬತ್ತರ ಮೇಲಾಗಿತ್ತು, ಹೇಳಬಹುದಿತ್ತು. ಆದರೆ ಅವನು ಮೊದಲು ಕೇಳಿದ್ದು ಎಷ್ಟು ತೋರಿಸಿತು ಎಂದು. ತೊಂಬತ್ತೆಂಟು ಎಂದಳು. ಅವನ ಎಡಗೈ ತೊಡೆಯ ಮೇಲೆ ಒಮ್ಮೆ ತಟ್ಟಿತು. ಅವಳು ಅವನ ಒಲೆಯ ಮೇಲೆಯೇ ಉಡಿಯ ಅಕ್ಕಿ ಬೇಯಿಸಿ, ಕೊಬ್ಬರಿ ತುರಿದು ಚಟ್ನಿ ಅರೆದು ಬಡಿಸಿದಳು. ತಟ್ಟೆಯ ಮುಂದೆ ಕೂತು, ಮಾವ, ನಿಮ್ಮಿಂದ ಒಂದು ಜೀವ ಉಳಿಯಿತು ಎಂದಳು. ಗಣಿಯಲ್ಲಿ ಇಪ್ಪತ್ತೆರಡು ವರ್ಷ ಎಷ್ಟು ಎಂಜಿನ್ ಉಳಿಸಿದ್ದನೋ, ಈ ಮಾತು ಅವನಿಗೆ ಯಾರೂ ಆಡಿದ್ದಿಲ್ಲ. ಎಡಗೈಯಿಂದ ಎರಡು ತುತ್ತು ಉಂಡ. ಮೂರನೆಯದು ಬಾಯಿಗೆ ಹೋಗಲು ಸ್ವಲ್ಪ ತಡವಾಯಿತು.

"ಚಟ್ನಿಗೆ ಉಪ್ಪು ಕಮ್ಮಿ. ನಾಕು ದಿನ ಬಿಟ್ಟು ಪೈಪಿನ ನಟ್ಟೆಲ್ಲ ಇನ್ನೊಮ್ಮೆ ಬಿಗಿ ಮಾಡು, ಕಾದು ಆರಿ ಸಡಿಲಾಗ್ತಾವು," ಎಂದ.

ಬುಧವಾರ ದೇವಿಕಾ ವಡ್ಡು ತಲುಪಿದಾಗ ನಿಂಗಕ್ಕ ಬಾಗಿಲಲ್ಲಿರಲಿಲ್ಲ. ನೋಡಿದರೆ ರಸ್ತೆ ಕೂಡುವಲ್ಲಿಗೇ ಬಂದು ನಿಂತಿದ್ದಳು. ಅದೇ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಂಪರಿನ ಮಸಿ ಅಂಚಿಗೆ ಹತ್ತಿದ್ದು ತೊಳೆದರೂ ಹೋಗಿರಲಿಲ್ಲ. ಈ ವಯಸ್ಸಿನಲ್ಲಿ, ಗಂಡ ಹೋದ ಮೇಲೆ ಹಸಿರೇ ಎಂದು ಓಣಿಯಲ್ಲಿ ಯಾರೋ ಕೇಳಿದರಂತೆ. ಡೀಸೆಲ್ ಗಾಡಿಗೆ ಉಡಿಸಿದಾಗ ನಿಂತು ನೋಡಿದ್ದೀರಿ, ನಾನು ಉಟ್ಟರೆ ನಿಮ್ಮ ಗಂಟೇನು ಹೋಯಿತು ಎಂದಳಂತೆ.

ಹತ್ತುವ ಮೊದಲು ಗಾಡಿಯ ಮುಂದಕ್ಕೆ ಹೋಗಿ ಬಗ್ಗಿ ನೋಡಿದಳು. ದಾರಿಯಲ್ಲಿ ಹಾರಿ ಬಂದ ಪ್ಲಾಸ್ಟಿಕ್ ಕವರೊಂದು ಜಾಲರಿಗೆ ಅಂಟಿತ್ತು. ಅದನ್ನು ಕಿತ್ತು ಮುದುರಿ ಎಸೆದು, ಕೈ ಒರೆಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ನಡಿ ತಂಗಿ, ಹೊತ್ತಾತು."